ಹಿಮದ ಆಟಕ್ಕೆ ಬಯಲುಸೀಮೆಯ ಕ್ಯಾಮೆರಾ

2024ರ ಫೆಬ್ರವರಿಯಲ್ಲಿ ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕ ಚಿನ್ನದ ಪದಕಗಳನ್ನು ಗೆದ್ದಿತು. ಕೊಡಗಿನ ಭವಾನಿ ತೆಕ್ಕಡ ನಂಜುಂಡ, ಏರಿಳಿತದ ಹಾದಿಯಲ್ಲಿ ಸ್ಕೀ ಹಲಗೆ ಕಟ್ಟಿ ದೂರ ಓಡುವ ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ಹೆಸರು ಮಾಡಿ, ಮರುವರ್ಷ ಚೀನಾದ ಹಾರ್ಬಿನ್‌ನಲ್ಲಿ ನಡೆದ ಏಷ್ಯನ್ ಚಳಿಗಾಲದ ಕ್ರೀಡಾಕೂಟದಲ್ಲಿ ದೇಶಕ್ಕಾಗಿ ಓಡಿದರು. ಹಿಮವೇ ಬೀಳದ ರಾಜ್ಯಕ್ಕೆ ಇದು ಸಣ್ಣ ಸಾಧನೆಯಲ್ಲ. ಆದರೆ ಆ ಗೆಲುವಿನ ಚಿತ್ರಗಳೆಂದು ನನ್ನ ಕಣ್ಣಿಗೆ ಬಿದ್ದವುಗಳಲ್ಲಿ ಹೆಚ್ಚಿನವು ಪದಕ ತೊಟ್ಟು, ಬಾವುಟ ಹಿಡಿದು, ಸಾಲಾಗಿ ನಿಂತವು. ಉಸಿರು ಹೊಗೆಯಾಗುತ್ತಿರುವಾಗ, ಹುಬ್ಬಿನ ಮೇಲೆ ಮಂಜು ಕಟ್ಟಿರುವಾಗ, ಏರಿನಲ್ಲಿ ಕೋಲು ಊರಿ ದೇಹವನ್ನು ಮೇಲಕ್ಕೆ ಎಳೆದುಕೊಳ್ಳುವಾಗ ಒಬ್ಬ ಕನ್ನಡದ ಹೆಣ್ಣುಮಗಳು ಹೇಗೆ ಕಾಣುತ್ತಾಳೆ ಎಂಬುದನ್ನು ನಮ್ಮ ಪತ್ರಿಕೆಗಳು ನಮಗೆ ಸರಿಯಾಗಿ ತೋರಿಸಿಲ್ಲ.

ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಕೂತು ಇದನ್ನು ಬರೆಯುವುದಕ್ಕೆ ಕಾರಣವಿದೆ. ಬಂಗಾರಪೇಟೆ, ಕೆಜಿಎಫ್, ಕೋಲಾರದ ಸ್ಟುಡಿಯೊಗಳಲ್ಲಿ ಕೆಲಸ ಮಾಡುವ ಹುಡುಗರ ಕೈಯಲ್ಲಿ ಇವತ್ತು ಒಳ್ಳೆಯ ಕ್ಯಾಮೆರಾಗಳಿವೆ. ಮದುವೆ, ನಾಮಕರಣ, ಗೃಹಪ್ರವೇಶದ ಆಲ್ಬಂ ಮಾಡಿ ಬದುಕುವ ಇವರಲ್ಲಿ ಕೆಲವರು ಬೆಟ್ಟದ ಹುಚ್ಚಿನವರು. "ಅಣ್ಣಾ, ಹಿಮದಲ್ಲಿ ಆಟದ ಫೋಟೊ ತೆಗೆಯೋದೇ ಕೆಲ್ಸ ಮಾಡ್ಕೊಂಡು ಬದುಕೋಕಾಗುತ್ತಾ?" ಎಂದು ಅವರು ಕೇಳಿದರೆ ನಗುವ ಪ್ರಶ್ನೆಯಲ್ಲ ಅದು. ಬೆಳಕು, ವೇಗ, ಚಳಿ, ಅಪಾಯ, ಕಲಿಕೆ, ದುಡ್ಡು, ಹಕ್ಕು ಇಷ್ಟನ್ನೂ ನೋಡಿಯೇ ಅದಕ್ಕೆ ಉತ್ತರಿಸಬೇಕು. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಆಗುತ್ತದೆ. ಆದರೆ ವರ್ಷಪೂರ್ತಿ ಅದೊಂದರಿಂದಲೇ ಹೊಟ್ಟೆ ತುಂಬುವುದಿಲ್ಲ. ಹೋಗುವವರು ಕ್ಯಾಮೆರಾದ ಮುಂದಿನ ಪಾಠಕ್ಕಿಂತ ಮೊದಲು ಹಿಮದ ಮೇಲೆ ನಡೆಯುವುದನ್ನು ಕಲಿಯಬೇಕು.

ಬೆಳಕಿನಿಂದ ಶುರುಮಾಡೋಣ. ಹೊಸದಾಗಿ ಬಿದ್ದ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ 80ರಿಂದ 90 ಭಾಗವನ್ನು ವಾಪಸು ಎಸೆಯುತ್ತದೆ. ಕ್ಯಾಮೆರಾದ ಮೀಟರ್‌ಗೆ ಇದು ಅರ್ಥವಾಗುವುದಿಲ್ಲ. ಎದುರಿಗಿರುವ ದೃಶ್ಯ ಸರಾಸರಿಯಲ್ಲಿ ಮಧ್ಯಮ ಬೂದುಬಣ್ಣದ್ದು ಎಂದು ನಂಬಿಕೊಂಡೇ ಅದನ್ನು ಮಾಡಿರುತ್ತಾರೆ. ಹಾಗಾಗಿ ಬಿಳಿ ಕಂಡಾಗಲೆಲ್ಲ ಅದು ಬೆಳಕನ್ನು ತಗ್ಗಿಸುತ್ತದೆ. ಹಿಮ ಮಾಸಲಾಗುತ್ತದೆ, ಆಟಗಾರ ಕಪ್ಪು ಬೊಂಬೆಯಾಗುತ್ತಾನೆ. ನೆತ್ತಿ ಬಿಸಿಲಿನಲ್ಲಿ ವರನ ಬಿಳಿ ಪಂಚೆ, ಶಲ್ಯಕ್ಕೆ ಮೀಟರ್ ಹಿಡಿದು ಮುಖ ಕಪ್ಪಾಗಿಸಿಕೊಂಡ ಮದುವೆ ಫೋಟೊಗ್ರಾಫರ್‌ಗೆ ಈ ಕಷ್ಟ ಹೊಸದಲ್ಲ. ಪರಿಹಾರವೂ ಅದೇ: ಮೀಟರ್ ಹೇಳಿದ್ದಕ್ಕಿಂತ ಒಂದರಿಂದ ಎರಡು ಸ್ಟಾಪ್ (ಪ್ರತಿ ಸ್ಟಾಪ್‌ಗೂ ಬೆಳಕು ಇಮ್ಮಡಿ) ಹೆಚ್ಚು ಬೆಳಕು ಕೊಡಬೇಕು, ಹಿಸ್ಟೋಗ್ರಾಮ್‌ನ ಬಲತುದಿ ಕತ್ತರಿಸಿಹೋಗದಂತೆ ನೋಡಿಕೊಳ್ಳಬೇಕು, ರಾ ಫೈಲಿನಲ್ಲಿ ತೆಗೆಯಬೇಕು. ಬಿಸಿಲು ಸ್ಥಿರವಾಗಿದ್ದರೆ ಎಲ್ಲವನ್ನೂ ಕೈಯಿಂದಲೇ ನಿಗದಿ ಮಾಡಿ ಬಿಟ್ಟುಬಿಡುವುದು ಇನ್ನೂ ಒಳ್ಳೆಯದು. ಆಟಗಾರ ಕಪ್ಪು ಅಂಗಿ ತೊಟ್ಟು ಬಂದರೂ ಬಿಳಿ ಅಂಗಿ ತೊಟ್ಟು ಬಂದರೂ ಹಿಮ ಹಿಮವಾಗಿಯೇ ಉಳಿಯುತ್ತದೆ. ನೆರಳಿನ ವಿಚಾರ ಮಾತ್ರ ನಮ್ಮವರಿಗೆ ಹೊಸದು. ಹಿಮದ ನೆರಳಿಗೆ ಬೆಳಕು ಬರುವುದು ನೀಲಿ ಆಕಾಶದಿಂದ, ಆದ್ದರಿಂದ ಅದು ನೀಲಿಯಾಗಿಯೇ ಇರುತ್ತದೆ. ಅದನ್ನು ಪೂರ್ತಿ ಅಳಿಸಿ ಬೆಳ್ಳಗೆ ಮಾಡಿದ ಚಿತ್ರಗಳಲ್ಲಿ ಚಳಿಯೇ ಇರುವುದಿಲ್ಲ.

ಇದನ್ನು ಅಭ್ಯಾಸ ಮಾಡಲು ಗುಲ್ಮಾರ್ಗ್‌ವರೆಗೆ ಹೋಗಬೇಕಿಲ್ಲ. ಕೆಜಿಎಫ್‌ನ ಸೈನೈಡ್ ಗುಡ್ಡಗಳಿವೆ. ನೂರಿಪ್ಪತ್ತು ವರ್ಷ ನಡೆದು 2001ರ ಫೆಬ್ರವರಿ 28ರಂದು ಮುಚ್ಚಿದ ಗಣಿಯಿಂದ ಹೊರಬಂದ ಕಲ್ಲನ್ನು ಹಿಟ್ಟಿನಂತೆ ಅರೆದು, ಚಿನ್ನ ತೆಗೆದುಕೊಂಡು, ಉಳಿದದ್ದನ್ನು ಸುರಿದು ಆದ ಗುಡ್ಡಗಳು ಅವು. ಸುಮಾರು 3.3 ಕೋಟಿ ಟನ್ ಇದೆ ಎನ್ನುತ್ತಾರೆ. 2018ರ 'ಕೆಜಿಎಫ್' ಸಿನಿಮಾ ತಂಡ ಅಲ್ಲಿಗೆ ಹೋದದ್ದು ಸುಮ್ಮನೆ ಅಲ್ಲ. ಮರವಿಲ್ಲದ, ಮಸುಕು ಬಣ್ಣದ, ಮಳೆನೀರು ಕೊರೆದ ಆ ಇಳಿಜಾರುಗಳಲ್ಲಿ ಬೆಳಕು ಬೇರೆಡೆ ಆಡದ ಹಾಗೆ ಆಡುತ್ತದೆ. ಬೈಕ್ ಸವಾರರು ಏರಿಳಿಯುವಾಗ ಹಿಂದೆ ಏಳುವ ಧೂಳು, ಸ್ಕೀ ಹಲಗೆಯ ಹಿಂದೆ ಏಳುವ ಹಿಮದ ಪುಡಿಗೆ ಹತ್ತಿರದ್ದು. ಎದುರುಬೆಳಕಿನಲ್ಲಿ ಆ ಧೂಳನ್ನು ಹೊಳೆಯಿಸುವುದು, ಇಳಿಜಾರು ಎಷ್ಟು ಕಡಿದಾಗಿದೆ ಎಂಬುದು ಚಿತ್ರದಲ್ಲಿ ಉಳಿಯುವಂತೆ ದಿಗಂತವನ್ನು ಸೇರಿಸಿಕೊಳ್ಳುವುದು, ದೊಡ್ಡ ಬೋಳು ಇಳಿಜಾರಿನಲ್ಲಿ ಒಂದು ಸಣ್ಣ ಆಕೃತಿಯನ್ನು ಎಲ್ಲಿ ಇಡಬೇಕೆಂದು ತೀರ್ಮಾನಿಸುವುದು, ಇವಿಷ್ಟನ್ನೂ ಅಲ್ಲಿ ಕಲಿಯಬಹುದು. ಹಿಮದಷ್ಟು ಬೆಳಕನ್ನು ಆ ಮಣ್ಣು ತಿರುಗಿಸುವುದಿಲ್ಲ. ಗುಡ್ಡದಲ್ಲಿ ಒಂದು ಸ್ಟಾಪ್ ಸಾಕಾದರೆ ಹಿಮದಲ್ಲಿ ಎರಡು ಬೇಕಾಗುತ್ತದೆ. ಆದರೆ ಒಂದು ಮಾತನ್ನು ಒತ್ತಿ ಹೇಳಬೇಕು: ಅದು ನುಣ್ಣಗಿನ ಸಿಲಿಕಾ ಧೂಳು. ಗಣಿ ಕಾರ್ಮಿಕರ ಶ್ವಾಸಕೋಶ ತಿಂದದ್ದು ಸಿಲಿಕಾ ಧೂಳೇ. ಗಾಳಿ ಎದ್ದ ದಿನ ಹೋಗಬಾರದು, ಮಾಸ್ಕ್ ಇಲ್ಲದೆ ಹೋಗಬಾರದು, ಜಾಗ ಗಣಿ ಕಂಪನಿಯದಾದ್ದರಿಂದ ಅನುಮತಿ ಇಲ್ಲದೆಯೂ ಹೋಗಬಾರದು.

ಇನ್ನು ವೇಗ. 2013ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ವೆಂಗೆನ್‌ನಲ್ಲಿ ಫ್ರಾನ್ಸಿನ ಯೋಹಾನ್ ಕ್ಲಾರೆ, ಕಡಿದಾದ ಇಳಿಜಾರಿನಲ್ಲಿ ಜಾರಿ ಇಳಿಯುವ ಡೌನ್‌ಹಿಲ್ ಸ್ಪರ್ಧೆಯ ನಡುವೆ ಗಂಟೆಗೆ 161.9 ಕಿಲೋಮೀಟರ್ ವೇಗ ಮುಟ್ಟಿದ. ಸೆಕೆಂಡಿಗೆ ಸುಮಾರು 45 ಮೀಟರ್. ಶಟರ್ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು ಮಾತ್ರ ತೆರೆದರೂ ಅಷ್ಟರೊಳಗೆ ಅವನು ನಾಲ್ಕೂವರೆ ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ನಮ್ಮ ಕಂಬಳದ ಲೆಕ್ಕವನ್ನು ಪಕ್ಕದಲ್ಲಿಡಿ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರೆಂದು ದೇಶವೆಲ್ಲ ಮಾತಾಯಿತು. ಅದೇ ಶಟರ್‌ನಲ್ಲಿ ಅವರು ಸರಿಯುವುದು ಒಂದು ಸೆಂಟಿಮೀಟರ್. ಕಂಬಳದ ಕರೆಯ ಬದಿಯಲ್ಲಿ ನಿಂತು, ಕೆಸರುನೀರಿನ ಚಿಮ್ಮಿನ ನಡುವೆ ಫೋಕಸ್ ಬಿಡದೆ ಕೋಣ, ಓಟಗಾರ ಇಬ್ಬರನ್ನೂ ಹಿಡಿಯಬಲ್ಲವರು ಕರಾವಳಿಯಲ್ಲಿ ಎಷ್ಟೋ ಜನ ಇದ್ದಾರೆ. ಸಂಕ್ರಾಂತಿ ಹೊತ್ತಿಗೆ ನಮ್ಮ ಗಡಿಯ ಊರುಗಳಲ್ಲಿ ಹೋರಿ ಓಡಿಸುವಾಗ ಫೋಟೊ ತೆಗೆಯುವವರೂ ಇದ್ದಾರೆ. ಕೈ ಪಳಗಲು ಅವೆಲ್ಲ ಸಾಲುತ್ತವೆ. ಡೌನ್‌ಹಿಲ್‌ಗೆ ಮಾತ್ರ ಸಾಲುವುದಿಲ್ಲ, ಏಕೆಂದರೆ ಅಲ್ಲಿ ಆಟಗಾರನನ್ನು ನೋಡಿ ಗುಂಡಿ ಒತ್ತಿದರೆ ತಡವಾಯಿತು. ಬರುವ ಜಾಗಕ್ಕೆ ಮೊದಲೇ ಫೋಕಸ್ ಇಟ್ಟು, ಹಿಮದ ಮೇಲೆ ಹಲಗೆ ಉಜ್ಜುವ ಸದ್ದಿಗೆ ಕಿವಿಗೊಟ್ಟು ಕಾಯಬೇಕು.

ಇಲ್ಲೇ ನನಗೆ ಕನ್ನಡದವರಿಗೆ ಒಂದು ದಾರಿ ಕಾಣುವುದು. ಭವಾನಿ ಹೆಸರು ಮಾಡಿದ್ದು ನಾರ್ಡಿಕ್ ಸ್ಪರ್ಧೆಗಳಲ್ಲಿ. ಅಲ್ಲಿ ಸರಾಸರಿ ವೇಗ ಕಂಬಳಕ್ಕಿಂತ ಹೆಚ್ಚೇನಲ್ಲ. ಏರಿನಲ್ಲಂತೂ ತೀರ ಕಡಿಮೆ. ಬಿಡಿಬಿಡಿಯಾಗಿ ಓಟ ಆರಂಭವಾಗುವ ಸ್ಪರ್ಧೆಗಳಲ್ಲಿ ಕ್ರಮಾಂಕದ ಪಟ್ಟಿ ಕೈಯಲ್ಲಿದ್ದರೆ, ಯಾರು ಯಾವ ಹೊತ್ತಿಗೆ ನಿಮ್ಮ ಮುಂದೆ ಬರುತ್ತಾರೆಂದು ಹೆಚ್ಚುಕಡಿಮೆ ಮೊದಲೇ ತಿಳಿಯುತ್ತದೆ. ಒಂದೇ ಸುತ್ತನ್ನು ಹಲವು ಬಾರಿ ಸುತ್ತುವ ಓಟವಾದರೆ ಮೊದಲ ಸುತ್ತಿನಲ್ಲಿ ತಪ್ಪಿದ್ದು ಎರಡನೆಯದರಲ್ಲಿ ಸಿಗುತ್ತದೆ. ಮುಖ್ಯವಾಗಿ, ಫೋಟೊಗ್ರಾಫರ್ ಕಡಿದಾದ ಇಳಿಜಾರಿನಲ್ಲಿ ಜಾರಿಕೊಂಡು ಹೋಗಬೇಕಿಲ್ಲ; ಹಿಮಬೂಟು ಕಟ್ಟಿಕೊಂಡು ನಡೆದೇ ಜಾಗ ಸೇರಬಹುದು. ಹೊಸಬನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಹಿಮದ ಹೆಚ್ಚಿನ ಆಟಗಳಲ್ಲಿ ಮುಖ ಕಾಣುವುದಿಲ್ಲ. ಹೆಲ್ಮೆಟ್ಟು, ಗಾಗಲ್ಲು, ಕತ್ತಿನ ಪಟ್ಟಿಯ ನಡುವೆ ಮೂಗಿನ ತುದಿ ಕಂಡರೆ ಹೆಚ್ಚು. ಕಂಬಳದಲ್ಲಿ, ಕಬಡ್ಡಿಯಲ್ಲಿ, ಹಾಕಿಯಲ್ಲಿ ಹಲ್ಲು ಕಚ್ಚಿದ ಮುಖವೇ ಅರ್ಧ ಚಿತ್ರ. ಇಲ್ಲಿ ಮೊಣಕಾಲು ಎಷ್ಟು ಬಾಗಿದೆ, ಭುಜ ಯಾವ ಕಡೆ ವಾಲಿದೆ, ಕೋಲು ಎಲ್ಲಿ ಊರಿದೆ ಎಂಬುದರಿಂದ ಆಟಗಾರನ ಕಷ್ಟವನ್ನೆಲ್ಲ ಹೇಳಬೇಕು. ಹಾಗಾಗಿ ಆಟ ಗೊತ್ತಿಲ್ಲದವನಿಗೆ ಒಳ್ಳೆಯ ಕ್ಷಣ ಯಾವುದೆಂದೇ ತಿಳಿಯುವುದಿಲ್ಲ. ನಾರ್ಡಿಕ್ ಓಟದಲ್ಲಿ ಮುಖ ತುಸು ತೆರೆದಿರುತ್ತದೆ, ಗುರಿ ದಾಟಿದ ಕೂಡಲೇ ಸ್ಪರ್ಧಿಗಳು ಹಿಮದ ಮೇಲೆ ಕುಸಿದು ಬೀಳುತ್ತಾರೆ. ಪದಕದ ವೇದಿಕೆಗಿಂತ ಆ ಅರ್ಧ ನಿಮಿಷ ನನಗೆ ಬೆಲೆಯುಳ್ಳದ್ದು.

ಚಳಿಯ ಬಗ್ಗೆ ಜನ ಬಹಳ ಹೇಳುತ್ತಾರೆ, ಅದು ಅಷ್ಟು ದೊಡ್ಡ ಸಮಸ್ಯೆಯಲ್ಲ. ಲಿಥಿಯಂ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಚಳಿಗೆ ನಿಧಾನವಾಗುತ್ತದೆ, ಚಾರ್ಜ್ ಮುಗಿದಂತೆ ತೋರಿಸುತ್ತದೆ. ಒಳಜೇಬಿನಲ್ಲಿ ಮೈಶಾಖಕ್ಕೆ ಇಟ್ಟರೆ ಮತ್ತೆ ಜೀವ ಬರುತ್ತದೆ. ಹೊರಗಿನಿಂದ ಬೆಚ್ಚಗಿನ ಕೋಣೆಗೆ ಬರುವ ಮೊದಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿಯಬೇಕು, ಇಲ್ಲವಾದರೆ ಲೆನ್ಸಿನ ಒಳಗೂ ಹೊರಗೂ ನೀರು ಕೂರುತ್ತದೆ. ಲೆನ್ಸಿನ ಮೇಲೆ ಬಿದ್ದ ಹಿಮವನ್ನು ಬಾಯಿಂದ ಊದಬಾರದು, ಉಸಿರಿನ ತೇವ ಅಲ್ಲೇ ಗಟ್ಟಿಯಾಗುತ್ತದೆ. ತೆಳು ಕೈಗವಸಿನ ಮೇಲೆ ದಪ್ಪದ್ದೊಂದು ಇರಲಿ. ಇಷ್ಟನ್ನು ಒಂದು ವಾರದಲ್ಲಿ ಯಾರಾದರೂ ಕಲಿಯಬಹುದು.

ಅಪಾಯವನ್ನು ಮಾತ್ರ ಒಂದು ವಾರದಲ್ಲಿ ಕಲಿಯಲಾಗದು. ನಮ್ಮ ಊರುಗಳಿರುವುದು ಸಮುದ್ರಮಟ್ಟಕ್ಕಿಂತ ಎಂಟುನೂರು ಮೀಟರಿನ ಆಸುಪಾಸಿನಲ್ಲಿ. ಗುಲ್ಮಾರ್ಗ್‌ನ ಗೊಂಡೋಲಾ ತಂತಿಬಂಡಿ ಎರಡನೇ ಹಂತದಲ್ಲಿ ಅಫರ್ವತ್ ಬೆಟ್ಟದ ಮೇಲೆ ಸುಮಾರು 3,950 ಮೀಟರಿಗೆ ಒಯ್ದು ಬಿಡುತ್ತದೆ. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಸುಮಾರು ನೂರಕ್ಕೆ ಅರವತ್ತು ಪಾಲು. ತಂತಿಬಂಡಿಯಲ್ಲಿ ಸಲೀಸಾಗಿ ಏರಿದವನ ದೇಹಕ್ಕೆ ಒಗ್ಗಿಕೊಳ್ಳಲು ಸಮಯವೇ ಸಿಕ್ಕಿರುವುದಿಲ್ಲ. ತಲೆನೋವು, ವಾಕರಿಕೆ, ಮಂಕು ಬಡಿದ ಹಾಗೆ ಆಗುವುದು ಶುರುವಾದರೆ ಇಳಿಯಬೇಕು. ಬೇರೆ ಮದ್ದನ್ನು ನೆಚ್ಚಿಕೊಳ್ಳಬಾರದು.

ಹಿಮಕುಸಿತ ಇನ್ನೂ ಕಠೋರ. 2010ರ ಫೆಬ್ರವರಿಯಲ್ಲಿ ಗುಲ್ಮಾರ್ಗ್ ಹತ್ತಿರದ ಖಿಲನ್‌ಮಾರ್ಗ್‌ನಲ್ಲಿ ತರಬೇತಿಯಲ್ಲಿದ್ದ 17 ಮಂದಿ ಯೋಧರು ಹಿಮದಡಿ ಸತ್ತರು. ಮೊದಲು ಹೇಳಿದ 2024ರ ಕ್ರೀಡಾಕೂಟ ನಡೆಯುತ್ತಿದ್ದಾಗಲೇ ಅಫರ್ವತ್‌ನಲ್ಲಿ ಕುಸಿದ ಹಿಮ ಒಬ್ಬ ರಷ್ಯನ್ ಸ್ಕೀ ಪಟುವನ್ನು ಬಲಿ ತೆಗೆದುಕೊಂಡಿತು. ಹೆಚ್ಚಿನ ಕುಸಿತಗಳು ಆಗುವುದು 30ರಿಂದ 45 ಡಿಗ್ರಿ ಇಳಿಜಾರುಗಳಲ್ಲಿ. ಸ್ಕೀ ಮಾಡುವವರು ಇಷ್ಟಪಡುವುದೂ ಅವನ್ನೇ. ಫೋಟೊಗ್ರಾಫರ್‌ಗೆ ಇದರಲ್ಲಿ ಮತ್ತೊಂದು ಗಂಡಾಂತರವಿದೆ. ಇಳಿಜಾರಿನ ಬುಡದಲ್ಲಿ ನಿಂತು ಮೇಲಕ್ಕೆ ನೋಡಿದರೆ ಚಿತ್ರ ಅದ್ಭುತವಾಗಿ ಬರುತ್ತದೆ, ಪುಡಿಹಿಮ ಆಕಾಶಕ್ಕೆ ಹಾರಿದಂತೆ ಕಾಣುತ್ತದೆ. ಕುಸಿದ ಹಿಮವೆಲ್ಲ ಬಂದು ನಿಲ್ಲುವುದೂ ಆ ಬುಡದಲ್ಲೇ. ಬಲ್ಲವರು ಬದಿಯ ಬಂಡೆಯ ಏಣಿನ ಮೇಲೆ ನಿಲ್ಲುತ್ತಾರೆ, ಕೋನ ಸ್ವಲ್ಪ ಕೆಟ್ಟರೂ ಚಿಂತೆಯಿಲ್ಲ ಎನ್ನುತ್ತಾರೆ. ಸಿಗ್ನಲ್ ಕೊಡುವ ಟ್ರಾನ್ಸೀವರ್, ಹಿಮ ತಿವಿದು ನೋಡುವ ಉದ್ದ ಸಲಾಕೆ, ಸಲಿಕೆ ಈ ಮೂರಿಲ್ಲದೆ, ಅವನ್ನು ಬಳಸಬಲ್ಲ ಜೊತೆಗಾರನಿಲ್ಲದೆ ಅಂಥ ಇಳಿಜಾರಿಗೆ ಹೋಗಬಾರದು. ಹೂತುಹೋದವನು ಬದುಕುವ ಸಾಧ್ಯತೆ ಮೊದಲ ಹತ್ತು ಹದಿನೈದು ನಿಮಿಷ ಕಳೆದ ಮೇಲೆ ಬೇಗ ಕುಗ್ಗುತ್ತದೆ. ಹೊರಗಿನಿಂದ ಸಹಾಯ ಬರುವಷ್ಟರಲ್ಲಿ ಆ ಹೊತ್ತು ಮೀರಿರುತ್ತದೆ.

ಕರ್ನಾಟಕಕ್ಕೆ ಈ ನೋವು ದೂರದ್ದಲ್ಲ. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಂಡಾ ಶಿಖರದಲ್ಲಿ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡದ 27 ಮಂದಿ ಹಿಮಕುಸಿತಕ್ಕೆ ಬಲಿಯಾದರು, ಅವರಲ್ಲಿ ನಮ್ಮ ರಾಜ್ಯದವರೂ ಇದ್ದರು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋದ ತಂಡ ಹಿಮಗಾಳಿಗೆ ಸಿಕ್ಕಿ 9 ಮಂದಿ ತೀರಿಕೊಂಡರು. ಮೊದಲನೆಯದು ನುರಿತವರ ನಡುವೆಯೂ ನಡೆಯಿತು. ಎರಡನೆಯದು ಜೂನ್ ತಿಂಗಳಲ್ಲಿ, ಬೇಸಿಗೆ ಎಂದುಕೊಳ್ಳುವ ಕಾಲದಲ್ಲಿ. ಬೆಟ್ಟಕ್ಕೆ ಹೋಗುವ ಯಾವ ಹುಡುಗನಿಗೂ ಹುಡುಗಿಗೂ ಈ ಎರಡು ಘಟನೆಗಳನ್ನು ಹೇಳದೆ ಕ್ಯಾಮೆರಾದ ವಿಷಯ ತೆಗೆಯಬಾರದೆಂದು ನನ್ನ ನಿಲುವು.

ಫೋಟೊಗ್ರಾಫರ್ ಮೊದಲು ಬೆಟ್ಟ ಬಲ್ಲವನಾಗಿರಬೇಕು ಎಂಬುದನ್ನು ಹಿಮಾಲಯದ ಚಿತ್ರಗಳ ಚರಿತ್ರೆಯೂ ತೋರಿಸುತ್ತದೆ. ಇಂಗ್ಲೆಂಡಿನ ಸ್ಯಾಮ್ಯುಯೆಲ್ ಬೋರ್ನ್ 1866ರಲ್ಲಿ ಮನಿರಂಗ್ ಕಣಿವೆದಾರಿಯಲ್ಲಿ, ಹದಿನೆಂಟು ಸಾವಿರ ಅಡಿಗೂ ಮೇಲೆ, ಗಾಜಿನ ಫಲಕಗಳ ಮೇಲೆ ಚಿತ್ರ ತೆಗೆದ. ಡೇರೆ, ರಾಸಾಯನಿಕ, ಗಾಜು ಹೊರಲು ಹತ್ತಾರು ಕೂಲಿಗಳಿದ್ದರು. ಇಟಲಿಯ ವಿತ್ತೋರಿಯೊ ಸೆಲ್ಲಾ 1899ರಲ್ಲಿ ಕಾಂಚನಜುಂಗಾದ ಸುತ್ತ, 1909ರಲ್ಲಿ ಕೆ2 ಬಳಿ ತೆಗೆದ ಚಿತ್ರಗಳನ್ನು ಆರೋಹಿಗಳು ಮುಂದೆ ದಾರಿ ಹುಡುಕಲು ಬಳಸಿದರು. ಅವನು ಸ್ವತಃ ಆರೋಹಿಯಾಗಿದ್ದ. ಅಮೆರಿಕದ ಗೇಲನ್ ರೋವೆಲ್ ಆರೋಹಿಗಳ ಜೊತೆ ತಾನೂ ಹಗ್ಗದಲ್ಲಿರುವುದನ್ನೇ ತನ್ನ ವಿಧಾನವಾಗಿಸಿಕೊಂಡ. ನಮ್ಮ ನಾಡಿನ ಪರಂಪರೆ ಬೇರೆ. ಎಂ.ವೈ. ಘೋರ್ಪಡೆ, ಟಿ.ಎನ್.ಎ. ಪೆರುಮಾಳ್ ಅವರಂಥ ವನ್ಯಜೀವಿ ಫೋಟೊಗ್ರಾಫರ್‌ಗಳು ಕಾಡಿನಲ್ಲಿ ಮರೆಯಲ್ಲಿ ಕೂತು ಕಾಯುವುದನ್ನು ಕಲಿಸಿದರು. 1971ರಲ್ಲಿ ಹುಟ್ಟಿದ ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಎಷ್ಟೋ ಜನರಿಗೆ ಕಣ್ಣು ಕೊಟ್ಟಿತು. ಆ ತಾಳ್ಮೆ ದೊಡ್ಡ ಆಸ್ತಿ. ಆದರೆ ಹಕ್ಕಿಗಾಗಿ ಕಾಯುವವನು ಕೂತಲ್ಲೇ ಕೂರಬಹುದು. ಹಿಮದ ಆಟದ ಫೋಟೊಗ್ರಾಫರ್ ಹತ್ತಾರು ಕಿಲೊ ಹೊತ್ತು ಆಟಗಾರನಿಗಿಂತ ಮೊದಲೇ ಅಲ್ಲಿರಬೇಕು.

ಕಲಿಯಲು ಜಾಗಗಳಿವೆ. ಗುಲ್ಮಾರ್ಗ್‌ನಲ್ಲಿ ಕೇಂದ್ರ ಸರ್ಕಾರದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ. ಉತ್ತರಕಾಶಿ, ಡಾರ್ಜಿಲಿಂಗ್, ಮನಾಲಿಯ ಸಂಸ್ಥೆಗಳಲ್ಲಿ ಸುಮಾರು ನಾಲ್ಕು ವಾರದ ಪ್ರಾಥಮಿಕ ಶಿಬಿರ ಮಾಡಬಹುದು, ಖಾಸಗಿ ಚಾರಣಗಳಿಗೆ ಹೋಲಿಸಿದರೆ ಶುಲ್ಕ ಕಡಿಮೆ. ಅದಕ್ಕೂ ಮೊದಲು ಮನೆಹತ್ತಿರದ ಕಲ್ಲು. ಕೋಲಾರದ ಅಂತರಗಂಗೆಯ ಬಂಡೆಗಳು, ಆವನಿ ಬೆಟ್ಟ, ರಾಮನಗರ, ಸಾವನದುರ್ಗ, ಬಾದಾಮಿಯ ಕೆಂಪು ಗೋಡೆಗಳು ಇವೆ. ರಾಜ್ಯದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ತರಬೇತಿ ಕೊಡುತ್ತದೆ. ಮೇಲಿನಿಂದ ಬಿಟ್ಟ ಹಗ್ಗದಲ್ಲಿ ನೇತಾಡುತ್ತ, ಎರಡೂ ಕೈ ಬಿಟ್ಟು, ಕೆಳಗಿನಿಂದ ಹತ್ತಿ ಬರುವವನ ಚಿತ್ರ ತೆಗೆಯುವುದು ಬಂದರೆ ಹಿಮದ ಗೋಡೆಯಲ್ಲಿ ಅರ್ಧ ಭಯ ಹೋಗಿರುತ್ತದೆ. ಡ್ರೋನ್ ಇದ್ದರೆ ಇದೆಲ್ಲ ಬೇಡ ಎನ್ನುವವರಿದ್ದಾರೆ. ಗುಲ್ಮಾರ್ಗ್ ಗಡಿ ನಿಯಂತ್ರಣ ರೇಖೆಗೆ ಹತ್ತಿರ, ಅನುಮತಿಯಿಲ್ಲದೆ ಡ್ರೋನ್ ಎತ್ತುವುದು ಅಪರಾಧ. ಜೊತೆಗೆ 2015ರ ಡಿಸೆಂಬರ್‌ನಲ್ಲಿ ಇಟಲಿಯ ಮಡೊನ್ನಾ ದಿ ಕಂಪಿಲಿಯೊದಲ್ಲಿ ಟಿವಿ ಡ್ರೋನೊಂದು ಸ್ಕೀ ಸ್ಪರ್ಧೆಯಲ್ಲಿದ್ದ ಆಸ್ಟ್ರಿಯಾದ ಮಾರ್ಸೆಲ್ ಹಿರ್ಷರ್ ಬೆನ್ನ ಹಿಂದೆಯೇ ಬಿದ್ದು ಚೂರಾದದ್ದನ್ನು ಮರೆಯಬಾರದು.

ಇನ್ನು ದುಡ್ಡು. ನಮ್ಮ ಕಡೆಯ ಸ್ಟುಡಿಯೊ ಹುಡುಗರಿಗೆ ಒಂದು ಅನುಕೂಲವಿದೆ: ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ, ಮದುವೆಗಳಿಲ್ಲ. ಹಿಮದ ಋತು ತೆರೆಯುವುದೂ ಆಗಲೇ. ಆದರೆ ಸ್ಪರ್ಧೆಗಳು ನಡೆಯುವ, ಹಿಮ ಚೆನ್ನಾಗಿರುವ ಫೆಬ್ರವರಿಗೆ ಮಾಘದ ಮುಹೂರ್ತಗಳು ಅಡ್ಡ ಬರುತ್ತವೆ. ಒಂದು ಮದುವೆ ಬಿಟ್ಟು ಹೋದವನಿಗೆ ಅಲ್ಲಿ ಹಿಮ ಇರುತ್ತದೆಂಬ ಖಾತರಿಯೂ ಇಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬರಿ ಹುಲ್ಲುಗಾವಲಾಗಿತ್ತು. ಖೇಲೋ ಇಂಡಿಯಾ ಕೂಟವನ್ನು ಫೆಬ್ರವರಿ 21ಕ್ಕೆ ದೂಡಿದರು. 2025ರಲ್ಲಿ ಮತ್ತೆ ಹಿಮವಿಲ್ಲದೆ ಮಾರ್ಚ್‌ಗೆ ಹೋಯಿತು. ಟಿಕೆಟ್, ರೂಮು ಮುಂಗಡ ಕಟ್ಟಿದವರಿಗೆ ಇದರ ಬಿಸಿ ಗೊತ್ತಾಗುತ್ತದೆ. ಬಿಸಿಯೇರುತ್ತಿರುವ ಹಿಮಾಲಯದಲ್ಲಿ ಈ ಅನಿಶ್ಚಯ ಹೆಚ್ಚುವುದೇ ಹೊರತು ಕಡಿಮೆಯಾಗಲಾರದು.

ಹಾಗಾದರೆ ಕೂಲಿ ಕೊಡುವವರು ಯಾರು? ಬಟ್ಟೆ, ಬೂಟು, ಸ್ಕೀ ಹಲಗೆ ಮಾರುವ ಕಂಪನಿಗಳು, ಪ್ರವಾಸೋದ್ಯಮ ಇಲಾಖೆಗಳು, ವಿದೇಶಿ ತಂಡಗಳನ್ನು ಕರೆತರುವ ಮಾರ್ಗದರ್ಶಿ ಸಂಸ್ಥೆಗಳು, ತಮ್ಮದೇ ಚಿತ್ರ ಬೇಕೆನ್ನುವ ಪ್ರವಾಸಿಗರು. ಕೊನೆಯದರಲ್ಲಿ ಸ್ಥಳೀಯ ಕಾಶ್ಮೀರಿ ಫೋಟೊಗ್ರಾಫರ್‌ಗಳು ನಿತ್ಯ ದುಡಿಯುತ್ತಾರೆ. ದೂರದಿಂದ ಹೋದವನು ಅವರ ಅನ್ನಕ್ಕೆ ಕೈಹಾಕುವುದು ಸರಿಯಲ್ಲ, ಸಾಧ್ಯವೂ ಇಲ್ಲ. ನಮ್ಮವರಿಗೆ ಉಳಿಯುವುದು ನಮ್ಮ ಸ್ಪರ್ಧಿಗಳ ಕಥೆ. ಬೇರೆಯವರು ಅದನ್ನು ಹುಡುಕಿಕೊಂಡು ಬರುವುದಿಲ್ಲ.

ಕೆಲಸ ಸಿಕ್ಕ ಮೇಲೆ ಎಷ್ಟೋ ಜನ ಎಡವುವುದು ಹಕ್ಕಿನ ವಿಚಾರದಲ್ಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ಹಣ ಕೊಟ್ಟು ಒಬ್ಬರು ತೆಗೆಸಿದ ಫೋಟೊದ ಮೊದಲ ಒಡೆತನ ತೆಗೆಸಿದವರದ್ದು, ಬೇರೆ ಒಪ್ಪಂದವಿಲ್ಲದಿದ್ದರೆ. ಮದುವೆ ಆಲ್ಬಂನಲ್ಲಿ ಇದು ಯಾರನ್ನೂ ಕಾಡುವುದಿಲ್ಲ. ಆದರೆ ಜೀವ ಪಣಕ್ಕಿಟ್ಟು ತೆಗೆದ ಒಂದು ಚಿತ್ರ ಹತ್ತು ವರ್ಷ ಜಾಹೀರಾತಿನಲ್ಲಿ ಓಡುತ್ತಿದ್ದರೆ, ತೆಗೆದವನಿಗೆ ಒಂದು ದಿನದ ಕೂಲಿ ಮಾತ್ರ ಸಿಕ್ಕಿರುತ್ತದೆ. ಎಲ್ಲಿ, ಎಷ್ಟು ಕಾಲ, ಯಾವ ರೂಪದಲ್ಲಿ ಬಳಸಬಹುದೆಂದು ಹೊರಡುವ ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಬೇಕು. ಬೆಟ್ಟದಿಂದ ಕೆಳಗೆ ತರುವ ಖರ್ಚು ಸೇರಿದ ವಿಮೆಯನ್ನು ಯಾರು ಮಾಡಿಸುತ್ತಾರೆಂಬುದನ್ನೂ ಅದೇ ಕಾಗದದಲ್ಲಿ ಸೇರಿಸಬೇಕು.

ಇದರ ಜೊತೆಗೆ ರಾಜ್ಯ ಸರ್ಕಾರ ಮಾಡಬಹುದಾದ ಕೆಲಸವೊಂದಿದೆ, ಅದಕ್ಕೆ ದೊಡ್ಡ ಮೊತ್ತವೇನೂ ಬೇಡ. ಗುಲ್ಮಾರ್ಗ್‌ಗೆ, ಲಡಾಖಿನ ಲೇಹ್‌ಗೆ ಕರ್ನಾಟಕ ತಂಡ ಹೊರಡುವಾಗ ತರಬೇತುದಾರರು, ವ್ಯವಸ್ಥಾಪಕರ ಜೊತೆ ಒಬ್ಬ ಫೋಟೊಗ್ರಾಫರ್ ಹೆಸರನ್ನೂ ಪಟ್ಟಿಗೆ ಸೇರಿಸಲಿ. ಪರ್ವತಾರೋಹಣದ ಪ್ರಾಥಮಿಕ ಶಿಬಿರ ಮುಗಿಸಿದವರಿಗೆ ಮಾತ್ರ ಅರ್ಜಿ ಹಾಕುವ ಅವಕಾಶವಿರಲಿ. ಚಿತ್ರಗಳು ಕನ್ನಡದ ಎಲ್ಲ ಪತ್ರಿಕೆಗಳಿಗೂ ಸಿಗಲಿ, ಹಕ್ಕು ತೆಗೆದವರಲ್ಲೇ ಉಳಿಯಲಿ. ಕೋಲಾರ ಜಿಲ್ಲೆಯಿಂದ ಆ ಅರ್ಜಿ ಹಾಕಲು ಅಂತರಗಂಗೆಯ ಬಂಡೆಗಳ ಮೇಲೆ ಹಗ್ಗ ಕಟ್ಟಿ ಅಭ್ಯಾಸ ಮಾಡುತ್ತಿರುವವರು ಈಗಲೇ ತಯಾರಾಗಬಹುದು. ಮುಂದಿನ ಧನುರ್ಮಾಸಕ್ಕೆ ಮೊದಲು ಉತ್ತರಕಾಶಿಯ ಶಿಬಿರಕ್ಕೆ ಹೆಸರು ಕೊಟ್ಟರೆ ಸಾಕು. ಹೊಸ ಲೆನ್ಸಿಗೆ ಕೂಡಿಟ್ಟ ದುಡ್ಡಿದ್ದರೆ ಅದನ್ನು ಮೊದಲು ಆ ಶುಲ್ಕಕ್ಕೆ ಕಟ್ಟಿ.